ಕಿವಿಯ ಮೂರು ಘಟ್ಟಗಳು

ಒಬ್ಬಳೇ ಇರುವಾಗ ನಾನು ಮಾಡುವ ಒಂದು ಕೆಲಸವನ್ನು ನಿಮಗೆ ಹೇಳಿಬಿಡುತ್ತೇನೆ, ಬೇರೆ ಯಾರಿಗೂ ಹೇಳಬೇಡಿ. ಬಲಗೈಯನ್ನು ಎತ್ತಿ, ನೆತ್ತಿಯ ಮೇಲಿಂದ ಬಳಸಿ ತಂದು, ಎಡಕಿವಿ ಸಿಗುತ್ತದೋ ಎಂದು ನೋಡುತ್ತೇನೆ. ಸಿಗುತ್ತದೆ. ಸಿಗದೆ ಎಲ್ಲಿಗೆ ಹೋಗುತ್ತದೆ? ಕೂದಲು ಬೆಳ್ಳಗಾದ ಹೆಂಗಸು ನಾನು. ಆದರೂ ಬೆರಳ ತುದಿಗೆ ಕಿವಿ ತಾಗಿದಾಗ ಆಗುವ ಸಮಾಧಾನ ಬೇರೆ ಯಾವುದರಿಂದಲೂ ಆಗುವುದಿಲ್ಲ. ಒಮ್ಮೆ ಹೀಗೆ ಕೈಯನ್ನು ತಲೆಗೆ ಸುತ್ತಿಕೊಂಡು ನಿಂತಿದ್ದಾಗ ಹಾಲು ತರುವವಳು ಬಂದು ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆ ಉಳುಕಿದೆ ಎಂದು ಸುಳ್ಳು ಹೇಳಿದೆ. ಪಾಪ, ಮರುದಿನ ಅವಳು ಕಾಯಿಸಿದ ಎಣ್ಣೆ ತಂದುಕೊಟ್ಟಳು. ಅವಳ ಮರ್ಯಾದೆಗೆ ನಾನು ಆ ವಾರವೆಲ್ಲ ಕುತ್ತಿಗೆ ಓರೆ ಮಾಡಿಕೊಂಡೇ ತಿರುಗಬೇಕಾಯಿತು.

ನನ್ನ ಓರಗೆಯವರಿಗೆ ಇದರ ಹಿನ್ನೆಲೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಐವತ್ತರ ದಶಕದ ಆರಂಭದಲ್ಲಿ ನಮ್ಮ ಐವರ್ನಾಡಿನ ಕಡೆ ಮನೆ ತುಂಬ ಮಕ್ಕಳಿದ್ದರು, ಆದರೆ ಹುಟ್ಟಿದ ತಾರೀಕು ಎಂಬುದು ಯಾರಿಗೂ ಇರಲಿಲ್ಲ. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ ಅಜ್ಜಿ, ಕಪ್ಪು ದನ ಮೊದಲ ಕರು ಹಾಕಿದ ವಾರ ಎನ್ನುತ್ತಿದ್ದರು. ದನದ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ, ನನ್ನ ಬಗ್ಗೆ ಸ್ವಲ್ಪ ಇತ್ತು. ಹೀಗಿರುವಾಗ ಶಾಲೆಗೆ ಸೇರಿಸಿಕೊಳ್ಳುವ ಮಾಸ್ಟ್ರು ಏನು ಮಾಡಬೇಕು? ಮಗುವನ್ನು ಎದುರು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಮುಟ್ಟದಿದ್ದರೆ ಬರುವ ವರ್ಷ ನೋಡುವ. ಅದರ ಮೇಲೆ ಅಪೀಲು ಇರಲಿಲ್ಲ.

ನಮ್ಮ ಶಾಲೆಯ ಮಾಸ್ಟ್ರ ಹೆಸರು ಸಂಜೀವ. ಪುತ್ತೂರಿನ ಕಡೆಯವರು, ಮನೆಮಾತು ತುಳು, ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಕೋಣೆಯಲ್ಲಿ ತಾವೇ ಗಂಜಿ ಬೇಯಿಸಿಕೊಂಡು ಇರುತ್ತಿದ್ದರು. ಮಾತು ಕಡಿಮೆ. ಹೆಂಗಸರ ಹತ್ತಿರ ಮಾತಾಡಬೇಕಾಗಿ ಬಂದರೆ ಪಕ್ಕದ ಕಂಬವನ್ನು ನೋಡಿಕೊಂಡು ಮಾತಾಡುವಂಥ ಮನುಷ್ಯ.

ಈಗ ಕೇದಗೆಯ ಸಂಗತಿ. ಶಾಲೆ ಸುರುವಾಗುವುದು ಮಳೆಗಾಲದಲ್ಲಿ, ಕೇದಗೆ ಅರಳುವುದೂ ಮಳೆಗಾಲದಲ್ಲಿ. ಅಜ್ಜಿಗೆ ಇದು ದೇವರೇ ಮಾಡಿಟ್ಟ ಏರ್ಪಾಡು ಎನಿಸಿರಬೇಕು. ನನ್ನನ್ನು ಸೇರಿಸುವ ದಿನ ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಕೂದಲನ್ನೆಲ್ಲ ನೆತ್ತಿಗೆ ಎಳೆದು ತುರುಬು ಕಟ್ಟಿ, ಅದರ ಸುತ್ತ ಕೇದಗೆಯ ಎಸಳುಗಳನ್ನು ಮಡಚಿ ಮಡಚಿ ಸಿಕ್ಕಿಸಿ ಒಂದು ಗೋಪುರವನ್ನೇ ಎಬ್ಬಿಸಿದರು. ಶುಭಕಾರ್ಯಕ್ಕೆ ಹೋಗುವ ಗೂಡೆ ಬೋಳುತಲೆಯಲ್ಲಿ ಹೋಗಬಾರದಲ್ಲ! ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ದಾರಿಯಲ್ಲಿ ಎದುರಾದವರೆಲ್ಲ ಮೊದಲು ನನ್ನ ತಲೆಯನ್ನು ನೋಡಿ ಆಮೇಲೆ ನನ್ನನ್ನು ನೋಡಿದರು. ನಾನು ಕುತ್ತಿಗೆ ಅಲುಗಿಸದೆ ನಡೆದೆ.

ಮಾಸ್ಟ್ರು ಕೈ ಎತ್ತಲು ಹೇಳಿದರು. ಎತ್ತಿದೆ. ಕೈ ಗೋಪುರದ ತುದಿಯವರೆಗೆ ಹೋಗಿ ಅಲ್ಲೇ ನಿಂತಿತು. ಇನ್ನೂ ಎಳೆದೆ, ಕೇದಗೆಯ ಮುಳ್ಳು ಚುಚ್ಚಿತು, ಕಣ್ಣಲ್ಲಿ ನೀರು ಬಂತು, ಕಿವಿ ಮಾತ್ರ ಸಿಗಲಿಲ್ಲ. ಹೂವು ತೆಗೆದು ನೋಡುವ ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಪ್ಪ ಕೆಮ್ಮಿದರು. ಮಾಸ್ಟ್ರು ಕಂಬ ನೋಡಿಕೊಂಡು, ಇನ್ನೊಂದು ವರ್ಷ ಮನೆಯಲ್ಲಿರಲಿ, ಕೈ ಬೆಳೆಯಲಿ ಎಂದರು. ಹೋಗುವಾಗ ನೋಡಿದವರೆಲ್ಲ ಬರುವಾಗಲೂ ದಾರಿಯಲ್ಲೇ ಇದ್ದರು. ಅಷ್ಟು ದೊಡ್ಡ ತಲೆಯನ್ನು ಎಲ್ಲಿ ಅಡಗಿಸುವುದು? ಆ ವರ್ಷವೆಲ್ಲ ಊರಿನ ಮಕ್ಕಳು ನನ್ನನ್ನು ಮೋಟುಕೈ ಎಂದು ಕರೆದರು. ನಾನು ಊಟಕ್ಕೆ ಕೂತಾಗಲೂ ಕೈಯನ್ನು ಲಂಗದ ಮಡಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದೆ.

ಮುಂದೆ ಅರವತ್ತರ ದಶಕದಲ್ಲಿ ನಾನು ಟೀಚರ್ ಟ್ರೈನಿಂಗಿಗೆ ಹೋದಾಗ ಮಕ್ಕಳ ಬೆಳವಣಿಗೆ ಎಂಬ ಒಂದು ಪಾಠವೇ ಇತ್ತು. ಮನಃಶಾಸ್ತ್ರ ಹೇಳುತ್ತಿದ್ದ ಸಾರ್ ಹಲಗೆಯ ಮೇಲೆ ಮಗುವಿನ ಚಿತ್ರ ಬರೆದು, ಹುಟ್ಟುವಾಗ ಮನುಷ್ಯನಿಗೆ ತಲೆ ದೊಡ್ಡದು, ಕೈಕಾಲು ಗಿಡ್ಡ, ಆರು ವರ್ಷದ ಹೊತ್ತಿಗೆ ಕೈ ಬೆಳೆದು ತಲೆಯನ್ನು ಬಳಸುವಷ್ಟಾಗುತ್ತದೆ ಎಂದು ವಿವರಿಸಿದರು. ನಾನು ಬೆಂಚಿನಲ್ಲಿ ಸೆಟೆದು ಕೂತೆ. ಅಂದರೆ ನಮ್ಮ ಸಂಜೀವ ಮಾಸ್ಟ್ರ ಪರೀಕ್ಷೆಗೆ ಶಾಸ್ತ್ರದ ಬೆಂಬಲ ಇತ್ತು! ಶಾಸ್ತ್ರದಲ್ಲಿ ಇಲ್ಲದ್ದು ಕೇದಗೆ ಒಂದೇ. ನನ್ನ ಕೈಗೆ ಏನೂ ಆಗಿರಲಿಲ್ಲ ಎಂದು ನನಗೆ ತಿಳಿದದ್ದು ಆ ದಿನ, ಹದಿನೆಂಟು ದಾಟಿದ ಮೇಲೆ.

ಇರಲಿ. ಮರುವರ್ಷ ನನ್ನ ತಮ್ಮ ಕುಶಾಲನನ್ನೂ ನನ್ನ ಜೊತೆಗೆ ಕರೆದುಕೊಂಡು ಹೋದರು. ಅವನು ನನಗಿಂತ ಸಣ್ಣವನು, ಕೈಕಾಲು ಉದ್ದ. ಅದಕ್ಕೆ ಸರಿಯಾಗಿ ತಲೆಯಲ್ಲಿ ಕಜ್ಜಿ ಎದ್ದು ಮಂಡೆ ಬೋಳಿಸಿದ್ದರು. ಮಾಸ್ಟ್ರು ಹೇಳುವ ಮೊದಲೇ ಅವನ ಕೈ ನುಣ್ಣನೆ ತಲೆಯ ಮೇಲೆ ಜಾರಿಕೊಂಡು ಹೋಗಿ ಕಿವಿಯನ್ನಲ್ಲ, ಕೆನ್ನೆಯನ್ನೇ ಹಿಡಿಯಿತು. ನನಗೆ ಆ ವರ್ಷವೂ ಕೇದಗೆ ಇತ್ತು, ಶುಭಕಾರ್ಯವಲ್ಲವೇ? ಕಿವಿಯ ಅಂಚು ಹೇಗೋ ತಾಗಿತು. ತಾಗಿತೋ ಇಲ್ಲವೋ, ತಾಗಿತೆಂದು ಮಾಸ್ಟ್ರು ಒಪ್ಪಿಕೊಂಡರು. ಇಬ್ಬರನ್ನೂ ಒಂದನೇ ಕ್ಲಾಸಿಗೆ ಸೇರಿಸಿ, ತಾರೀಕಿನ ತಲೆನೋವು ಯಾಕೆ ಎಂದು ಇಬ್ಬರಿಗೂ ಒಂದೇ ಹುಟ್ಟಿದ ದಿನ ಬರೆದುಬಿಟ್ಟರು. ಸರಕಾರದ ಲೆಕ್ಕದಲ್ಲಿ ನಾವು ಇಂದಿಗೂ ಅವಳಿಗಳು. ಅಕ್ಕ ತಮ್ಮ ಒಂದೇ ಕ್ಲಾಸಿನಲ್ಲಿ ಕೂತು ಓದುವುದರ ನಾಚಿಕೆ ಏನೆಂದು ಕೂತವರಿಗೇ ಗೊತ್ತು.

ನಮ್ಮ ಅಜ್ಜಿಗೂ ಮಕ್ಕಳ ಬೆಳವಣಿಗೆಯ ಬಗ್ಗೆ ಒಂದು ಸಿದ್ಧಾಂತ ಇತ್ತು ಎನ್ನಬೇಕು. ಅದರಲ್ಲಿ ಘಟ್ಟಕ್ಕೊಂದು ತಿಂಡಿ. ಮಗು ಕವುಚಿ ಬಿದ್ದರೆ ದೋಸೆ, ಹೊಸ್ತಿಲು ದಾಟಿದರೆ ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆದು ಬೆಲ್ಲ ಹಂಚುವುದು, ಹಲ್ಲು ಬಂದರೆ ಇನ್ನೊಂದು, ಕಿವಿ ಚುಚ್ಚಿದರೆ ಮತ್ತೊಂದು. ಟ್ರೈನಿಂಗಿನಲ್ಲಿ ಕಲಿತದ್ದೂ ಹೆಚ್ಚು ಕಡಿಮೆ ಇದೇ, ಅಲ್ಲಿ ಘಟ್ಟಕ್ಕೊಂದು ತಿಂಡಿಯ ಬದಲು ಘಟ್ಟಕ್ಕೊಂದು ಹತ್ತು ಮಾರ್ಕಿನ ಪ್ರಶ್ನೆ. ಮಗುವಿನ ಮನಸ್ಸು ಬರೀ ಸ್ಲೇಟು, ನಾವು ಬರೆದದ್ದೇ ಬರಹ ಎಂದು ಒಬ್ಬ ಪಂಡಿತರು. ಅಲ್ಲ, ಬರಹ ಹೊತ್ತುಕೊಂಡೇ ಹುಟ್ಟುತ್ತದೆ ಎಂದು ಇನ್ನೊಬ್ಬರು. ಮಗು ಮೆಟ್ಟಿಲು ಹತ್ತಿದ ಹಾಗೆ ಬೆಳೆಯುತ್ತದೆ, ಒಂದು ಮೆಟ್ಟಿಲನ್ನೂ ಹಾರುವಂತಿಲ್ಲ ಎಂದು ಮೂರನೆಯವರು. ಪರೀಕ್ಷೆಯಲ್ಲಿ ನಾನು ಮೂವರಿಗೂ ಹೌದು ಎಂದು ಬರೆದು ಪಾಸಾದೆ. ಅಜ್ಜಿಯದಾದರೆ ತಿಂದು ಪಾಸಾಗಬಹುದಿತ್ತು.

ಅಜ್ಜಿಯ ಸಿದ್ಧಾಂತದ ಕೊನೆಯ ಘಟ್ಟಕ್ಕೆ ಪಾಯಸ. ಅದೇ ನನ್ನನ್ನು ಮುಳುಗಿಸಿದ್ದು.

ನಾನು ಆಗ ಆರನೇ ಕ್ಲಾಸು. ವರ್ಷ ತಡವಾಗಿ ಸೇರಿದವಳು, ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರ. ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ, ಕುಶಾಲ ಕೂಡ ಇಲ್ಲ. ಅದೊಂದೇ ನನ್ನ ಹೆಮ್ಮೆ. ಪರೀಕ್ಷೆ ಹತ್ತಿರ ಬರುತ್ತಿದ್ದ ಹೊತ್ತು, ಒಂದು ಬೆಳಿಗ್ಗೆ ನಾನು ದೊಡ್ಡವಳಾದೆ. ಅವ್ವ ಜಗಲಿಯ ಪಕ್ಕದ ಸಣ್ಣ ಕೋಣೆಯಲ್ಲಿ ಚಾಪೆ ಹಾಕಿ ಕೂರಿಸಿದರು, ಬೇರೆ ಬಟ್ಟಲು, ಬೇರೆ ಚೊಂಬು. ಅಜ್ಜಿಗೆ ಸಂಭ್ರಮವೋ ಸಂಭ್ರಮ. ಮೀಯುವ ದಿನ ಶುಕ್ರವಾರ ಬರುತ್ತದೆ, ಅವತ್ತು ಪಾಯಸ ಎಂದು ತೀರ್ಮಾನಿಸಿದರು. ಶಾಲೆಗೆ ಹೊರಟಿದ್ದ ಕುಶಾಲನನ್ನು ಕರೆದು, ದಾರಿಯಲ್ಲಿ ಸಿಗುವಲ್ಲಿಗೆಲ್ಲ ಶುಕ್ರವಾರಕ್ಕೆ ಹೇಳಿಕೊಂಡು ಹೋಗು ಎಂದರು. ಅವರು ಹೇಳಿದ್ದು ನೆಂಟರ ಮನೆಗಳನ್ನು. ಆದರೆ ದಾರಿಯ ಕೊನೆಯಲ್ಲಿ ಶಾಲೆಯೂ ಒಂದು ಇತ್ತಲ್ಲ!

ಸಂಜೆ ಅವನು ಬಂದು ನನ್ನ ಕೋಣೆಯ ಹೊರಗೆ ನಿಂತು ವರದಿ ಒಪ್ಪಿಸಿದ. ಹಾಜರಿ ಕರೆಯುವಾಗ ದೇವಕಿ ಎಂದರಂತೆ. ದೇವಕಿ ಎಂದರೆ ನಾನು. ಇವನು ಎದ್ದು ನಿಂತನಂತೆ.

“ಅಕ್ಕ ದೊಡ್ಡವಳಾಗಿದ್ದಾಳೆ ಮಾಸ್ಟ್ರೇ, ಬರುದಿಲ್ಲ. ಶುಕ್ರವಾರ ಮನೆಯಲ್ಲಿ ಪಾಯಸ ಉಂಟು, ನೀವೂ ಬರಬೇಕಂತೆ.”

ಅಕ್ಕ ಲೆಕ್ಕದಲ್ಲಿ ಫಸ್ಟ್ ಬಂದಳು ಎಂದು ಹೇಳುವ ಅದೇ ಸ್ವರದಲ್ಲಿ ಹೇಳಿದ್ದನಂತೆ, ಎಲ್ಲರಿಗೂ ಕೇಳುವ ಹಾಗೆ. ಮಾಸ್ಟ್ರು ಹಲಗೆಯ ಕಡೆ ತಿರುಗಿ ಗಂಟೆ ಹೊಡೆಯುವವರೆಗೂ ನದಿಗಳ ಹೆಸರು ಬರೆದರಂತೆ. ಆ ದಿನ ಇದ್ದದ್ದು ವ್ಯಾಕರಣದ ಪಾಠ.

ನನ್ನ ಕಿವಿ ಬಿಸಿಯಾಯಿತು. ಬರೀ ಬಿಸಿಯಲ್ಲ, ಹೊತ್ತಿಕೊಂಡಿತು. ಕೈಯಲ್ಲಿ ಮುಚ್ಚಿಕೊಂಡರೆ ಕೈ ಸುಟ್ಟಿತು. ಚಾಪೆಯ ಮೇಲೆ ಕವುಚಿ ಬಿದ್ದು ಅತ್ತೆ. ಹೊರಗೆ ಕುಶಾಲ, “ನಾನೆಂತ ಮಾಡಿದೆ? ಸುಳ್ಳು ಹೇಳಿದೆನಾ?” ಎಂದು ಕೇಳುತ್ತಲೇ ಇದ್ದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅಜ್ಜಿ ಸಂಭ್ರಮ ಪಟ್ಟಿದ್ದರು, ಪಾಯಸ ಇತ್ತು, ಪಾಯಸ ಇದ್ದದ್ದು ಹೇಳಿಕೊಳ್ಳುವ ವಿಷಯವಲ್ಲದೆ ಮತ್ತೇನು?

ಆ ಸಂಜೆಯೇ ನಾನು ಬಾಗಿಲ ಸಂದಿನಿಂದ ಅಪ್ಪನಿಗೆ ಹೇಳಿಬಿಟ್ಟೆ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದು. ಆ ಕ್ಲಾಸಿನ ಮುಂದೆ ನಾನು ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಅಪ್ಪ ಜಗಳಕ್ಕೆ ಬಂದಾರು ಎಂದುಕೊಂಡಿದ್ದೆ. ಅವರು, ನಾನೂ ಅದನ್ನೇ ಹೇಳುವವನಿದ್ದೆ, ದೊಡ್ಡವಳಾದ ಮೇಲೆ ಇನ್ನೆಂತ ಶಾಲೆ ಎಂದು ಸುಲಭವಾಗಿ ಒಪ್ಪಿದರು. ಅವ್ವನಿಗೂ ಕೈಗೆ ಸಹಾಯ ಸಿಕ್ಕಿದಂತಾಯಿತು. ಅವರೆಲ್ಲ ಅಷ್ಟು ಬೇಗ ಒಪ್ಪುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಬಿಡುವುದಿಲ್ಲ, ಹೋಗು ಎಂದು ಯಾರಾದರೂ ಬೈದಿದ್ದರೆ ಎಂದು ಆಸೆಯಾಯಿತು. ಆದರೆ ನಾನೇ ಬಾಯಿಬಿಟ್ಟು ಬೇಡ ಎಂದವಳು, ಇನ್ನು ಬೇಕು ಎನ್ನಲು ನಾಚಿಕೆ.

ಶುಕ್ರವಾರ ಮಿಂದು, ಅತ್ತೆ ತಂದ ಸೀರೆ ಉಟ್ಟು, ಅದೇ ಕೋಣೆಯ ಕಿಟಕಿಯ ಬಳಿ ಕೂತಿದ್ದೆ. ಅಂಗಳ ತುಂಬ ಹೆಂಗಸರು. ಅದು ಹೆಂಗಸರ ಊಟ, ಮನೆಯ ಗಂಡಸರೇ ಆಚೀಚೆ ತಪ್ಪಿಸಿಕೊಂಡು ತಿರುಗುವ ದಿನ. ಆಗ ಬೇಲಿಯ ಬಾಗಿಲಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಇಸ್ತ್ರಿ ಮಾಡಿದ ಅಂಗಿ, ಬಿಳಿ ಪಂಚೆ. ಕೊಡೆ ಬಿಸಿಲಿಗೆ ಹಿಡಿದದ್ದಲ್ಲ, ಮುಖಕ್ಕೆ ಹಿಡಿದದ್ದು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅದು ಬಾಗಿಲವರೆಗೆ ಬಂತು, ಹಿಂದೆ ತಿರುಗಿತು, ಪುನಃ ಬಂತು, ಪುನಃ ತಿರುಗಿತು. ಸಂಜೀವ ಮಾಸ್ಟ್ರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಲಿ ಎಂದು ನಾನು ಬೇಡಿಕೊಂಡೆ. ಭೂಮಿ ನುಂಗಲಿಲ್ಲ, ಮಾಸ್ಟ್ರು ಒಳಗೆ ಬಂದರು.

ಹೆಂಗಸರು ಒಬ್ಬರ ಹಿಂದೆ ಒಬ್ಬರು ಸರಿದು ದಾರಿ ಬಿಟ್ಟರು. ಅಪ್ಪ ತಬ್ಬಿಬ್ಬಾಗಿ ಹೆಗಲ ಬೈರಾಸು ತೆಗೆದು ಪುನಃ ಹಾಕಿಕೊಂಡರು. ಕುಶಾಲ ಎಲ್ಲಿ ಅಡಗಿದನೋ ಕಾಣಲಿಲ್ಲ. ಅಜ್ಜಿ ಮಾತ್ರ ಏನೂ ಆಗದವರಂತೆ, ಬಂದವರಿಗೆ ಮೊದಲು ಎಲೆ ಹಾಕಿ ಎಂದರು. ಮಾಸ್ಟ್ರು ಜಗಲಿಯಲ್ಲಿ ಒಬ್ಬರೇ ಕೂತು, ತಲೆ ಎತ್ತದೆ, ಬಡಿಸಿದ್ದನ್ನೆಲ್ಲ ತಿಂದರು. ಪಾಯಸ ಎರಡನೇ ಸಲ ಬಡಿಸಿದಾಗಲೂ ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಕೈ ತೊಳೆದು ಬಂದು, ಚೀಲದಿಂದ ಒಂದು ತಗಡಿನ ಕಂಪಾಸು ಪೆಟ್ಟಿಗೆ ತೆಗೆದು ಅಪ್ಪನ ಕೈಗೆ ಕೊಟ್ಟರು. ಅತ್ತೆ ಚಿಕ್ಕಮ್ಮಂದಿರು ತಂದ ಬಳೆ, ರವಿಕೆ ಕಣ, ತೆಂಗಿನಕಾಯಿಗಳ ನಡುವೆ ಅದೊಂದು ತಗಡಿನ ಪೆಟ್ಟಿಗೆ.

ಆಮೇಲೆ ಜಗಲಿಯ ಕಂಬವನ್ನು ನೋಡಿಕೊಂಡು ಹೇಳಿದರು. “ಇದು ಹುಡುಗಿಗೆ. ಏಳನೇ ಕ್ಲಾಸಿಗೆ ಬೇಕಾಗ್ತದೆ.”

ಅಪ್ಪ ಗಂಟಲು ಸರಿಮಾಡಿಕೊಂಡರು. “ಅವಳು ಇನ್ನು ಬರುದಿಲ್ಲ ಅಂತ ಮಾಸ್ಟ್ರೇ…”

“ಪರೀಕ್ಷೆ ಹತ್ತಿರ ಬಂತು. ಸೋಮವಾರ ಕಳಿಸಿ.”

ನಮ್ಮ ಮನೆಯಲ್ಲಿ ಅಜ್ಜಿಯದೊಂದು ಕಟ್ಟುನಿಟ್ಟು ಇತ್ತು. ಮೊದಲ ಸಲ ಮನೆಗೆ ಬಂದು ಎಲೆಗೆ ಕೂತವರು ಏನು ಕೇಳಿದರೂ ಇಲ್ಲ ಎನ್ನಬಾರದು. ಅಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಉಂಡ ಎಲೆಯನ್ನು ನೋಡಿದರು. ಅಪ್ಪ, ಆಯ್ತು ಮಾಸ್ಟ್ರೇ ಎಂದರು. ಕೊಡೆ ಬಂದದ್ದಕ್ಕಿಂತ ಬೇಗ ಬೇಲಿ ದಾಟಿ ಹೋಯಿತು.

ನನಗೆ ಆಗ ಉಪಕಾರ ಗಿಪಕಾರ ಏನೂ ಅನಿಸಲಿಲ್ಲ, ನೋಡಿ. ಈ ಮನುಷ್ಯ ಊರಿಗೆಲ್ಲ ಇನ್ನೊಮ್ಮೆ ಡಂಗುರ ಸಾರಿ ಹೋದ ಎಂದು ಸಿಟ್ಟು ಬಂತು. ಸೋಮವಾರ ಹೋದೆ. ದಾರಿಯುದ್ದಕ್ಕೂ ಕುಶಾಲನಿಂದ ದೂರ ನಡೆದೆ, ಅವನ ಹತ್ತಿರ ಮಾತು ಬಿಟ್ಟಿದ್ದೆ. ಕ್ಲಾಸಿಗೆ ಕಾಲಿಡುವಾಗ ಎರಡೂ ಕಿವಿ ಹೊತ್ತಿ ಉರಿಯುತ್ತಿದ್ದವು. ಹಾಜರಿ ಕರೆಯುವಾಗ ದೇವಕಿ ಎಂದರು. ನನ್ನ ಬಾಯಿಂದ ಹಾಜರ್ ಎಂಬ ಮಾತು ಹೇಗೋ ಹೊರಟಿತು. ಮಾಸ್ಟ್ರು ಪುಸ್ತಕದಿಂದ ತಲೆ ಎತ್ತಲಿಲ್ಲ. ಕೂಡಲೇ ಎಲ್ಲರಿಗೂ ಒಂದು ಬಡ್ಡಿ ಲೆಕ್ಕ ಕೊಟ್ಟರು, ಎಂಥ ಕಷ್ಟದ ಲೆಕ್ಕ ಎಂದರೆ ಒಬ್ಬರಿಗೂ ನನ್ನ ಕಡೆ ತಿರುಗಲು ಪುರುಸೊತ್ತಾಗಲಿಲ್ಲ. ಉತ್ತರ ಮೊದಲು ಬಂದದ್ದು ನನಗೆ.

ಮರುವರ್ಷ ಕುಶಾಲನ ಸ್ವರ ಒಡೆಯಿತು. ಪದ್ಯ ಹೇಳಲು ಎಬ್ಬಿಸಿದರೆ ಅರ್ಧ ಗಂಡಸು ಅರ್ಧ ಕೋಳಿಮರಿ. ಎಲ್ಲರೂ ನಗುತ್ತಾರೆ ಎಂದು ಹಾಜರ್ ಎನ್ನುವುದನ್ನೂ ಬಿಟ್ಟು ಕೈ ಎತ್ತತೊಡಗಿದ. ನಾನು ಎದ್ದು ನಿಂತು, ತಮ್ಮನ ಸ್ವರ ಒಡೆದಿದೆ ಮಾಸ್ಟ್ರೇ, ಮನೆಗೆ ಪಾಯಸಕ್ಕೆ ಬನ್ನಿ ಎನ್ನಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಅವನ ಕಿವಿ ನೋಡಿದೆ, ಕೆಂಪಗೆ ಕೆಂಡ. ಪಾಪ, ಇವನೂ ಈ ಘಟ್ಟಕ್ಕೆ ಬಂದ ಎಂದುಕೊಂಡು ಸುಮ್ಮನಾದೆ. ಆ ದಿನ ಅವನ ಹತ್ತಿರ ಪುನಃ ಮಾತಾಡಿದೆ.

ಟ್ರೈನಿಂಗಿನ ಸಾರ್ ಹದಿಹರೆಯದ ಪಾಠ ಮಾಡುವಾಗ, ಆ ಪ್ರಾಯದಲ್ಲಿ ಮನಸ್ಸಿನೊಳಗೆ ಬಿರುಗಾಳಿ ಏಳುತ್ತದೆ ಎಂದು ಬಹಳ ವಿಸ್ತಾರವಾಗಿ ಹೇಳಿದರು. ಹಾಗಾದರೆ ಆ ಘಟ್ಟದ ಮುಖ್ಯ ಲಕ್ಷಣ ಏನು ಎಂದು ನನ್ನನ್ನೇ ಎಬ್ಬಿಸಿ ಕೇಳಿದರು. ನಾನು ಯೋಚಿಸದೆ, ಕಿವಿ ಬಿಸಿಯಾಗುವುದು ಸಾರ್ ಎಂದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ನಾನು ಹೇಳಿದ್ದು ಎಷ್ಟು ಸರಿ ಎಂದು ಆ ಕ್ಷಣ ನನ್ನ ಕಿವಿಯೇ ತೋರಿಸಿಕೊಟ್ಟಿತು. ಅವತ್ತಿನಿಂದ ನನ್ನದೂ ಒಂದು ಸಿದ್ಧಾಂತ ಉಂಟು. ಮೊದಲನೆಯ ಘಟ್ಟ, ಕೈ ಕಿವಿಗೆ ಮುಟ್ಟುವುದು. ಎರಡನೆಯದು, ಕಿವಿ ಬಿಸಿಯಾಗುವುದು. ಮೂರನೆಯದೊಂದು ಇರಬೇಕು ಎಂದು ಅನಿಸುತ್ತಿತ್ತು, ಏನೆಂದು ಗೊತ್ತಿರಲಿಲ್ಲ.

ಗೊತ್ತಾದದ್ದು ಕಾಣಿಯೂರಿನ ಹತ್ತಿರದ ಒಂದು ಶಾಲೆಯಲ್ಲಿ ನಾನು ಹೊಸದಾಗಿ ಟೀಚರ್ ಆಗಿದ್ದಾಗ. ಸೇರಿಸಲು ಬರುವ ಹುಡುಗಿಯರ ತಲೆಯಿಂದ ಮೊದಲು ಹೂವು ತೆಗೆಸಿ ಆಮೇಲೆ ಕೈ ಎತ್ತಿಸುವ ಟೀಚರ್ ಎಂದು ಅಲ್ಲಿ ನನಗೆ ಆಗಲೇ ಹೆಸರು ಬಂದಿತ್ತು. ಒಂದೇ ಕೋಣೆಯಲ್ಲಿ ಐದನೇ ಆರನೇ ಕ್ಲಾಸು. ಆರನೆಯದರಲ್ಲಿ ಗುಲಾಬಿ ಎಂಬ ಜಾಣೆ ಹುಡುಗಿ, ಐದನೆಯದರಲ್ಲಿ ಅವಳ ತಮ್ಮ. ಒಂದು ದಿನ ಗುಲಾಬಿ ಎಂದು ಕರೆದಾಗ ಅವನು ಎದ್ದು, ಅಕ್ಕನಿಗೆ ಜ್ವರ ಎಂದ. ಹುಡುಗಿಯರು ತಲೆ ತಗ್ಗಿಸಿದರು. ಅವನ ಕಿವಿ ನೋಡಿದೆ, ಕೆಂಪಾಗಿತ್ತು. ಕುಶಾಲನಿಗೆ ಆ ಪ್ರಾಯದಲ್ಲಿ ತಿಳಿಯದ್ದು ಇವನಿಗೆ ತಿಳಿದಿತ್ತು. ಜ್ವರವಲ್ಲ ಎಂದು ನನಗೂ ತಿಳಿಯಿತು. ಆ ಊರಿನಲ್ಲಿ ಅಂಥ ಜ್ವರ ಬಂದ ಹುಡುಗಿಯರು ಶಾಲೆಗೆ ಹಿಂದೆ ಬರುತ್ತಿರಲಿಲ್ಲ.

ಗಂಟೆ ಹೊಡೆದ ಮೇಲೆ ಅವನನ್ನು ಜಗಲಿಯ ಮೂಲೆಗೆ ಕರೆದು, ಯಾರಿಗೂ ಕೇಳದ ಹಾಗೆ ಕೇಳಿದೆ.

“ಪಾಯಸ ಯಾವತ್ತು?”

ಅವನು ಬೆಚ್ಚಿಬಿದ್ದು ನನ್ನ ಮುಖ ನೋಡಿದ. “ಶುಕ್ರವಾರ, ಟೀಚರ್.”

“ನನ್ನನ್ನು ಕರೆಯುದಿಲ್ವಾ ಮಾರಾಯ?”

ಬಸ್ಸು ಹತ್ತಿ ಪುತ್ತೂರಿಗೆ ಹೋಗಿ ಕಂಪಾಸು ಪೆಟ್ಟಿಗೆ ತಂದೆ. ಶುಕ್ರವಾರ ಗದ್ದೆಯ ಬದುವಿನಲ್ಲಿ ನಡೆದು ಅವರ ಬೇಲಿಯ ಬಾಗಿಲಿಗೆ ಬಂದು ನಿಂತೆ. ಅಂಗಳದಲ್ಲಿ ಗುರುತಿಲ್ಲದ ಹೆಂಗಸರು. ಕೇಳಿ ಕರೆಸಿಕೊಂಡು ಪಾಯಸ ತಿನ್ನಲು ಬಂದ ಟೀಚರ್ ಎಂದು ಊರು ಆಡಿಕೊಳ್ಳುವುದು ಖಂಡಿತ. ಒಳಗೆ ಹೋಗಿ ಹೇಳುವುದೇನು, ನೋಡುವುದು ಯಾವ ಕಂಬವನ್ನು? ಹಿಂದೆ ತಿರುಗಿ ನಾಲ್ಕು ಹೆಜ್ಜೆ ನಡೆದೆ. ಆಗ ಆ ಕೊಡೆಯ ನೆನಪಾಯಿತು. ಅದರ ಕೆಳಗೆ ಸಂಜೀವ ಮಾಸ್ಟ್ರ ಕಿವಿ ಹೇಗಿದ್ದಿರಬಹುದು ಎಂದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಕೈ ತನ್ನಷ್ಟಕ್ಕೆ ಮೇಲೆ ಹೋಗಿ ಕಿವಿ ಮುಟ್ಟಿತು. ಸುಡುತ್ತಿತ್ತು. ಸುಡಲಿ ಎಂದು ಬೇಲಿ ದಾಟಿದೆ. ಮೂರನೆಯ ಘಟ್ಟ ಇದೇ ಇರಬೇಕು.

ಪಾಯಸಕ್ಕೆ ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು. ಎರಡು ಸಲ ಹಾಕಿಸಿಕೊಂಡೆ, ಹೇಳಬೇಕಾದದ್ದನ್ನು ಅವರ ಜಗಲಿಯ ಕಂಬಕ್ಕೆ ಹೇಳಿದೆ, ಪೆಟ್ಟಿಗೆ ಕೊಟ್ಟೆ, ಬೇಗ ಬೇಗ ಹೊರಟುಬಂದೆ. ಸೋಮವಾರ ಹಾಜರಿ ತೆಗೆದೆ. ಗುಲಾಬಿ ಎಂದು ಕರೆಯುವಾಗ ಪುಸ್ತಕದಿಂದ ತಲೆ ಎತ್ತಲಿಲ್ಲ. ಹಾಜರ್ ಎಂಬ ಸಣ್ಣ ಸ್ವರ ಕೇಳಿತು. ಕೂಡಲೇ ಎಲ್ಲರಿಗೂ ಒಂದು ಕಷ್ಟದ ಲೆಕ್ಕ ಕೊಟ್ಟೆ.